ಸ್ಪಷ್ಟನೆ: 21 ದಿನಕ್ಕೆ ಹಳೇ ಚಟ ಅಳಿಸಿಹೋಗುವುದಿಲ್ಲ

'21 ದಿನ ತಡೆದುಕೊಂಡರೆ ಯಾವ ಚಟವೂ ಮೆದುಳಿನಿಂದ ಪೂರ್ತಿ ಅಳಿಸಿಹೋಗುತ್ತದೆ' ಎಂಬ ಮೆಸೇಜ್ ನಮ್ಮ ಮಲ್ಲೇಶ್ವರದ ವಾಕಿಂಗ್ ಗ್ರೂಪಿನಲ್ಲಿ ಓಡಾಡುತ್ತಿದೆ. ನಾನೂ ಕಳಿಸಿದ್ದೆ. ಅದು ತಪ್ಪು.

ಆಪರೇಷನ್ ಆದವರಿಗೆ ಹೊಸ ಮುಖ ಒಗ್ಗಲು ಕಡಿಮೆ ಅಂದರೂ ಸುಮಾರು 21 ದಿನ ಬೇಕು ಎಂದು ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಜ್ 1960ರಲ್ಲಿ ಬರೆದಿದ್ದರು, ಅಷ್ಟೇ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ 2009ರ ಅಧ್ಯಯನದ ಲೆಕ್ಕದಲ್ಲಿ ಹೊಸ ಅಭ್ಯಾಸ ಕೂರಲು 18ರಿಂದ 254 ದಿನ. ಹಳೆಯದು ಸುಲಭಕ್ಕೆ ಅಳಿಯುವುದಿಲ್ಲ. ರಷ್ಯಾದ ವಿಜ್ಞಾನಿ ಪಾವ್ಲೋವ್ ಅವರ ಪ್ರಯೋಗದ ನಾಯಿಗಳಲ್ಲೂ, ಊಟದ ಸೂಚನೆ ಸಿಕ್ಕೊಡನೆ ಜೊಲ್ಲು ಸುರಿಸುವ ಪಾಠ ಮರೆತಂತಿದ್ದರೂ ಸ್ವಲ್ಪ ಹೊತ್ತಿನ ಬಳಿಕ ತಾನಾಗಿ ಮರಳಿತ್ತು.

ಸಿಗರೇಟ್ ಬಿಟ್ಟ ಪಕ್ಕದ ಮನೆಯವರು 25ನೇ ದಿನ ದರ್ಶಿನಿ ಮುಂದೆ ಬೈ-ಟು ಕಾಫಿ ಹಿಡಿದು ನಿಂತಿದ್ದರು. ಕೈ ತಾನಾಗಿ ಜೇಬಿಗೆ ಹೋಯಿತು. 'ನನ್ನ ಕೈಲಾಗಲ್ಲ ಬಿಡಿ' ಎಂದು ಕುಗ್ಗಿಹೋದರು. ಅವರದೇನೂ ತಪ್ಪಿಲ್ಲ, ಅಲ್ವಾ? ದಯವಿಟ್ಟು ಆ ಮೆಸೇಜ್ ಫಾರ್ವರ್ಡ್ ಮಾಡಬೇಡಿ.