ರಕ್ತದ ಮಾದರಿ ಕೆಟ್ಟರೆ ಆರ್‌ಎನ್‌ಎ ಲೆಕ್ಕವೂ ಕೆಡುತ್ತದೆ

ಪ್ರೋಟೀನ್ ಕಟ್ಟದ ಆರ್‌ಎನ್‌ಎ (ಜೀನಿನ ನಕಲಾಗಿ ಕೋಶದಲ್ಲಿ ತಯಾರಾಗುವ ಅಣು) ಕಸವಲ್ಲ, ಕ್ಯಾನ್ಸರ್ ಪತ್ತೆಗೆ ಅದನ್ನು ರಕ್ತದಲ್ಲಿ ಸುಲಭವಾಗಿ ಅಳೆಯಬಹುದು ಎಂದು ಲೇಖನವೊಂದು ಹೇಳಿದೆ. ಮೊದಲ ಮಾತು ಸರಿ. ಸುಮಾರು 22 ನ್ಯೂಕ್ಲಿಯೋಟೈಡ್ (ಆರ್‌ಎನ್‌ಎ ಸರಪಳಿಯ ಕೊಂಡಿ) ಉದ್ದದ ಮಿರ್-21 ಎಂಬ ಇಂಥ ಪುಟ್ಟ ಆರ್‌ಎನ್‌ಎ ಹೆಚ್ಚಾದರೆ, ಕೋಶದ ಬೆಳವಣಿಗೆಗೆ ಕಡಿವಾಣ ಹಾಕುವ ಪಿಟೆನ್ ಪ್ರೋಟೀನು ಕುಗ್ಗುತ್ತದೆ; ಬಾಯಿ ಕ್ಯಾನ್ಸರಿನಲ್ಲೂ ಮಿರ್-21 ಏರಿರುವುದು ಕಂಡುಬಂದಿದೆ. ಆದರೆ ‘ರಕ್ತದಲ್ಲಿ ಸುಲಭವಾಗಿ ಅಳೆಯಬಹುದು’ ಎಂಬ ಮಾತು ಒಪ್ಪುವಂಥದ್ದಲ್ಲ. ದಾವಣಗೆರೆಯ ಬಿಸಿಲಲ್ಲಿ ರಕ್ತದ ಟ್ಯೂಬನ್ನು ಹಾಗೇ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸಿದರೆ ಕೆಂಪುಕಣ ಒಡೆದು ಅದರೊಳಗಿನ ಮಿರ್-16, ಮಿರ್-451 ಎಂಬ ಪುಟ್ಟ ಆರ್‌ಎನ್‌ಎಗಳು ಸೋರುತ್ತವೆ. ಆಗ ಅಳತೆಯಲ್ಲಿ ಕಂಡ ಏರಿಕೆ ಕ್ಯಾನ್ಸರ್ ಗಡ್ಡೆಯದೋ ಒಡೆದ ಕಣದ್ದೋ ತಿಳಿಯದು. ರಕ್ತ ಹೆಪ್ಪುಗಟ್ಟದಂತೆ ಹೆಪಾರಿನ್ ಹಾಕಿದ ಟ್ಯೂಬ್ ಬೇಡವೇ ಬೇಡ, ಅದು ಆರ್‌ಎನ್‌ಎ ಅಳೆಯುವ ಪಿಸಿಆರ್ ಪರೀಕ್ಷೆಗೆ ಅಡ್ಡಿ. ಹೆಪ್ಪು ತಡೆಯುವ ಇನ್ನೊಂದು ರಾಸಾಯನಿಕವಾದ ಇಡಿಟಿಎ ಇರುವ ಟ್ಯೂಬಿನಲ್ಲಿ ರಕ್ತ ತೆಗೆದು, 2 ಗಂಟೆಯೊಳಗೆ ಇಲ್ಲೇ ಸೆಂಟ್ರಿಫ್ಯೂಜ್ ಯಂತ್ರದಲ್ಲಿ ರಭಸವಾಗಿ ತಿರುಗಿಸಿ, ಮೇಲೆ ಉಳಿದ ದ್ರವವಾದ ಪ್ಲಾಸ್ಮಾವನ್ನು ಇನ್ನೊಮ್ಮೆ ತಿರುಗಿಸಿ ಪ್ಲೇಟ್‌ಲೆಟ್ ಬೇರ್ಪಡಿಸಿ, ಡ್ರೈ ಐಸ್‌ನಲ್ಲಿಟ್ಟು ಕಳಿಸಬೇಕು. ಪ್ಲಾಸ್ಮಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ ಕೆಂಪುಕಣ ಒಡೆದಿದೆ ಎಂದರ್ಥ, ಮತ್ತೆ ರಕ್ತ ತೆಗೆಯಿರಿ.