ಬೈಲಕುಪ್ಪೆಗೆ ಹೋದಾಗ ಆ ಹುಡುಗನ ಫೋಟೋ ನೋಡಿ ಬನ್ನಿ

ಮಡಿಕೇರಿ ಕಡೆ ಪ್ರವಾಸ ಹೋದವರಲ್ಲಿ ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡದೆ ಬಂದವರು ಕಡಿಮೆ. ದೊಡ್ಡ ಬುದ್ಧನ ಮುಂದೆ ಒಂದು ಫೋಟೋ, ಹೊರಗೆ ಒಂದು ಪ್ಲೇಟ್ ಮೊಮೊ, ಚಳಿಗಾಲಕ್ಕೊಂದು ಸ್ವೆಟರ್, ಅಲ್ಲಿಗೆ ಮುಗೀತು. ನಾನೂ ಎಷ್ಟೋ ವರ್ಷ ಹೀಗೇ ಹೋಗಿ ಬಂದಿದ್ದೇನೆ.

ಅದೇ ಟಿಬೆಟನ್ ನಿರಾಶ್ರಿತರ ಕ್ಯಾಂಪಿನಲ್ಲಿ ತಾಶಿ ಲುನ್ಪೊ ಅಂತ ಇನ್ನೊಂದು ಮಠ ಇದೆ. ಪ್ರವಾಸಿಗರು ಅಲ್ಲಿಗೆ ಜಾಸ್ತಿ ಹೋಗುವುದಿಲ್ಲ. ಅಲ್ಲಿ ಒಬ್ಬ ಪುಟ್ಟ ಹುಡುಗನ ಫೋಟೋ ಇಟ್ಟಿದ್ದಾರೆ. ಚಳಿಗೆ ಕೆಂಪೇರಿದ ಕೆನ್ನೆ. ನಗುವೂ ಅಲ್ಲ, ಅಳುವೂ ಅಲ್ಲ, ಫೋಟೋ ತೆಗೆಯುವವರು ಹೇಳಿದ್ದಕ್ಕೆ ಸುಮ್ನೆ ನಿಂತ ಮುಖ. ಹೆಸರು ಗೆಧುನ್ ಚೋಕ್ಯಿ ನ್ಯಿಮಾ. ಹುಟ್ಟಿದ್ದು 1989ರ ಏಪ್ರಿಲ್ 25. ಟಿಬೆಟನ್ ಬೌದ್ಧರಿಗೆ ದಲಾಯಿ ಲಾಮಾ ಬಿಟ್ಟರೆ ದೊಡ್ಡ ಗುರು ಪಂಚೆನ್ ಲಾಮಾ. ಅವರು ಮರುಹುಟ್ಟು ಪಡೆದು ಬರುತ್ತಾರೆ ಅನ್ನುವುದು ನಂಬಿಕೆ. ಇವನೇ 11ನೇ ಪಂಚೆನ್ ಲಾಮಾ ಎಂದು ದಲಾಯಿ ಲಾಮಾ 1995ರ ಮೇ 14ರಂದು ಹೇಳಿದರು. ಮೂರೇ ದಿನಕ್ಕೆ ಚೀನಾ ಸರ್ಕಾರ ಅವನನ್ನೂ ಅವನ ಅಪ್ಪ ಅಮ್ಮನನ್ನೂ ಎತ್ತಿಕೊಂಡು ಹೋಯಿತು. ಆಗ ಅವನಿಗೆ ಆರು ವರ್ಷ. ಅವತ್ತಿನಿಂದ ಇವತ್ತಿನವರೆಗೆ ಹೊರಗಿನ ಯಾರ ಕಣ್ಣಿಗೂ ಅವನು ಬಿದ್ದಿಲ್ಲ.

ಇದಕ್ಕೂ ಮೊದಲು, ಹೊಸ ಪಂಚೆನ್ ಲಾಮಾ ಯಾವ ಮಗು ಎಂದು ಹುಡುಕುವ ಕೆಲಸ ವಹಿಸಿಕೊಂಡಿದ್ದವರು ಟಿಬೆಟ್‌ನ ಶಿಗಾಟ್ಸೆಯಲ್ಲಿರುವ ಮೂಲ ತಾಶಿ ಲುನ್ಪೊ ಮಠದ ಚದ್ರೆಲ್ ರಿಂಪೋಚೆ. ಅವರಿಗೆ ಆರು ವರ್ಷ ಜೈಲಾಯಿತು. 2020ರಲ್ಲಿ ಚೀನಾದ ವಿದೇಶಾಂಗ ಇಲಾಖೆ, ಆ ಹುಡುಗ ಕಾಲೇಜು ಓದಿದ್ದಾನೆ, ಕೆಲಸದಲ್ಲಿದ್ದಾನೆ, ತನಗೆ ತೊಂದರೆ ಕೊಡುವುದು ಬೇಡ ಅಂದಿದ್ದಾನೆ ಎಂದು ಹೇಳಿತು. ಅಷ್ಟು ಚೆನ್ನಾಗಿದ್ದರೆ ಒಂದು ಹೊಸ ಫೋಟೋ ಕೊಡಬಹುದಿತ್ತು ಅಲ್ವಾ? ಮೂವತ್ತೈದು ದಾಟಿದ ಗಂಡಸಿನ ಗುರುತಿಗೆ ನಮ್ಮ ಹತ್ತಿರ ಇವತ್ತಿಗೂ ಇರುವುದು ಆ ಮಗುವಿನ ಫೋಟೋ ಮಾತ್ರ.

ಪಂಚೆನ್ ಲಾಮಾ ವಿಷಯ ದೊಡ್ಡ ರಾಜಕೀಯ, ನಮಗೆ ಅರ್ಥ ಆಗಲ್ಲ ಅನ್ನುವವರಿದ್ದಾರೆ. ಸರಿ, ತಾಶಿ ವಾಂಗ್ಚುಕ್ ಅವರ ಕಥೆ ಕೇಳಿ. ಇದು ಕನ್ನಡದವರಿಗೆ ಅರ್ಥವಾಗದಿದ್ದರೆ ಇನ್ಯಾರಿಗೂ ಆಗುವುದಿಲ್ಲ.

ಅವರು ಯುಶು ಎಂಬ ಟಿಬೆಟನ್ನರ ಊರಿನ ವ್ಯಾಪಾರಿ. ತಮ್ಮ ಜೊತೆಗೇ ಇದ್ದ, ಒಡಹುಟ್ಟಿದವರ ಹೆಣ್ಣುಮಕ್ಕಳಿಗೆ ಟಿಬೆಟನ್ ಓದುಬರಹ ಕಲಿಸಬೇಕು ಅಂತ ಹೊರಟರು. ಊರಲ್ಲಿ ಕಲಿಸುವವರು ಸಿಗಲಿಲ್ಲ. ಶಾಲೆಯಲ್ಲಿ ಪಾಠವೆಲ್ಲ ಚೀನೀ ಭಾಷೆಯಲ್ಲಿ. ಎಲ್ಲ ಜನಾಂಗದವರಿಗೂ ತಮ್ಮ ಭಾಷೆ ಬಳಸುವ, ಬೆಳೆಸುವ ಹಕ್ಕಿದೆ ಎಂದು ಚೀನಾದ ಸಂವಿಧಾನದ 4ನೇ ವಿಧಿಯಲ್ಲೇ ಬರೆದಿದೆ. ಅದನ್ನೇ ಹಿಡಿದು ಅವರು ಸ್ಥಳೀಯ ಅಧಿಕಾರಿಗಳ ಮೇಲೆ ಕೇಸು ಹಾಕಬಹುದಾ ಅಂತ ಬೀಜಿಂಗ್‌ವರೆಗೆ ಹೋದರು. ನ್ಯೂಯಾರ್ಕ್ ಟೈಮ್ಸ್‌ನವರು ಅವರ ಜೊತೆ ಹೋಗಿ ಒಂದು ಪುಟ್ಟ ವಿಡಿಯೋ ಮಾಡಿದರು. ಅದರಲ್ಲಿ ಅವರು ಕೂಗಾಡಿಲ್ಲ, ಪ್ರತ್ಯೇಕ ದೇಶ ಬೇಕು ಅಂದಿಲ್ಲ. 2016ರ ಜನವರಿಯಲ್ಲಿ ಪೊಲೀಸರು ಹಿಡಿದುಕೊಂಡು ಹೋದರು. ಕೋರ್ಟಿನಲ್ಲಿ ಆ ವಿಡಿಯೋವನ್ನೇ ಸಾಕ್ಷಿ ಅಂತ ತೋರಿಸಿದರು. ದೇಶ ಒಡೆಯಲು ಕುಮ್ಮಕ್ಕು ಕೊಟ್ಟ ಆರೋಪಕ್ಕೆ ಐದು ವರ್ಷ ಜೈಲು. ಹೊರಗೆ ಬಂದದ್ದು 2021ರಲ್ಲಿ.

1982ರಲ್ಲಿ ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಜಾಗ ಬೇಕು ಅಂತ ಗೋಕಾಕ್ ಚಳವಳಿಯಲ್ಲಿ ಬೀದಿಗಿಳಿದವರು ನಾವು. ರಾಜಕುಮಾರ್ ಊರೂರಿಗೆ ಬಂದಾಗ ಸೇರಿದ ಜನಸಾಗರದ ಬಗ್ಗೆ ಮನೆಯಲ್ಲಿ ಕೇಳಿಯೇ ಬೆಳೆದಿದ್ದೇವೆ. ಅದೇ ಮಾತನ್ನು ಒಬ್ಬನೇ ಮನುಷ್ಯ, ಮೆಲ್ಲಗೆ, ಕಾನೂನಿನ ಪುಸ್ತಕ ಹಿಡಿದು ಹೇಳಿದ್ದಕ್ಕೆ ಐದು ವರ್ಷ. ಹತ್ತು ಲಕ್ಷದಷ್ಟು ಟಿಬೆಟನ್ ಮಕ್ಕಳನ್ನು ಮನೆ ಮಂದಿಯಿಂದ ದೂರ ಸರ್ಕಾರಿ ವಸತಿ ಶಾಲೆಗಳಲ್ಲಿ ಇಟ್ಟಿದ್ದಾರೆ ಎಂದು 2023ರಲ್ಲಿ ವಿಶ್ವಸಂಸ್ಥೆಯ ತಜ್ಞರು ಎಚ್ಚರಿಸಿದರು. ಅಲ್ಲೂ ಪಾಠ ಚೀನೀ ಭಾಷೆಯಲ್ಲೇ. ರಜೆಗೆ ಮನೆಗೆ ಬಂದ ಮೊಮ್ಮಗಳು ಅಜ್ಜಿಗೆ ಯಾವ ಭಾಷೆಯಲ್ಲಿ ಉತ್ತರ ಕೊಡಬೇಕು?

ಹಾಡು ಹೇಳಿದ್ದಕ್ಕೂ ಅಲ್ಲಿ ಶಿಕ್ಷೆ ಆಗಿದೆ. 1993ರಲ್ಲಿ ಲಾಸಾದ ದ್ರಾಪ್ಚಿ ಜೈಲಿನಲ್ಲಿದ್ದ 14 ಸನ್ಯಾಸಿನಿಯರು ಕದ್ದು ತರಿಸಿದ ಟೇಪ್ ರೆಕಾರ್ಡರಿನಲ್ಲಿ ಹಾಡು ತುಂಬಿ ಕ್ಯಾಸೆಟ್ ಹೊರಗೆ ಕಳಿಸಿದರು. ಮೊದಲಿದ್ದ ಶಿಕ್ಷೆಯ ಮೇಲೆ ಇನ್ನಷ್ಟು ವರ್ಷ ಬಿತ್ತು. ಅವರಲ್ಲೊಬ್ಬರು ಗವಾಂಗ್ ಸಾಂಗ್ದ್ರೋಲ್. 13ನೇ ವಯಸ್ಸಿಗೇ ಜೈಲು ಕಂಡವರು. ಬಿಡುಗಡೆಯಾದದ್ದು 2002ರಲ್ಲಿ.

ನಮ್ಮ ದೇಶದಲ್ಲೂ ವಿಚಾರಣೆ ಇಲ್ಲದೆ ವರ್ಷಗಟ್ಟಲೆ ಒಳಗಿರುವವರು ಇಲ್ವಾ ಅಂತ ಕೇಳುವಿರಿ. ಇದ್ದಾರೆ. ಅವರ ಬಗ್ಗೆಯೂ ಬರೆದಿದ್ದೇನೆ, ಇನ್ನೂ ಬರೆಯುತ್ತೇನೆ. ಒಬ್ಬರ ನೋವು ಹೇಳಿದರೆ ಇನ್ನೊಬ್ಬರ ನೋವು ಮುಚ್ಚಿಹೋಗುತ್ತದೆ ಅನ್ನುವ ಲೆಕ್ಕ ನನಗೆ ಹಿಡಿಸುವುದಿಲ್ಲ. ಅದೂ ಅಲ್ಲದೆ ಇವರು ದೂರದವರೇನಲ್ಲ. ಅರವತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೈಲಕುಪ್ಪೆಯಲ್ಲಿ, ಆಮೇಲೆ ಮುಂಡಗೋಡು, ಹುಣಸೂರು, ಕೊಳ್ಳೇಗಾಲದಲ್ಲಿ ನಮ್ಮ ಪಕ್ಕದಲ್ಲೇ ಜೋಳ ಬೆಳೆದು ಬದುಕಿದವರು.

ಕಳೆದ ಸಲ ಹೋದಾಗ ನಾನು ಯಾವಾಗಲೂ ಸ್ವೆಟರ್ ಕೊಳ್ಳುವ ಅಂಗಡಿಯಲ್ಲಿ ಕೂತಿದ್ದೆ. ಅಂಗಡಿಯಮ್ಮ ಚೆನ್ನಾಗಿ ಕನ್ನಡ ಮಾತಾಡುತ್ತಾರೆ. ಕ್ಯಾಲ್ಕುಲೇಟರ್ ಪಕ್ಕ ದಲಾಯಿ ಲಾಮಾ ಫೋಟೋ, ಅದಕ್ಕೊಂದು ಬಿಳಿ ಖತಾ, ಗೌರವಕ್ಕೆ ಹಾಕುವ ಶಾಲು. ಟಿಬೆಟ್‌ನಲ್ಲಿ ಆ ಫೋಟೋ ಇಟ್ಟುಕೊಂಡರೆ ಪೊಲೀಸರು ಬರುತ್ತಾರೆ. ಅಂಗಡಿಯಮ್ಮನ ತಂಗಿ ಇರುವುದು ಅಲ್ಲೇ.

"ತಂಗಿ ಹೇಗಿದ್ದಾರೆ ಅಮ್ಮ?" ಅಂದೆ.

"ಗೊತ್ತಿಲ್ಲ ಮಗ. ಮೊದಲು ವೀಚ್ಯಾಟ್‌ನಲ್ಲಿ ಮಾತಾಡ್ತಿದ್ವಿ."

2020ರ ಜೂನ್‌ನಲ್ಲಿ ನಮ್ಮ ಸರ್ಕಾರ ಚೀನೀ ಆ್ಯಪ್‌ಗಳನ್ನು ನಿಷೇಧಿಸಿದಾಗ ಅದೂ ಹೋಯಿತು. ಅದಕ್ಕೆ ಮುಂಚೆಯೂ ಅಕ್ಕ ತಂಗಿ ಮಾತಾಡುತ್ತಿದ್ದದ್ದು ಮಳೆ, ಯಾಕ್ ಕರು, ಮೊಣಕಾಲು ನೋವು ಇಷ್ಟೇ. ಭಾರತದಲ್ಲಿರುವವರ ಜೊತೆ ಬೇರೆ ಏನಾದರೂ ಮಾತಾಡಿದ್ದು ಗೊತ್ತಾದರೆ ಅಲ್ಲಿರುವವರನ್ನು ಕರೆದೊಯ್ಯುತ್ತಾರೆ.

"ಪ್ರತಿ ಸಲ ಕೊನೆಗೆ ಒಂದೇ ಮಾತು ಕೇಳೋಳು," ಅಂದರು ಅಮ್ಮ. "ಅಜ್ಜ ಆರೋಗ್ಯವಾಗಿದ್ದಾರಾ, ಅಂತ."

"ನಿಮ್ಮ ಅಜ್ಜ ಇನ್ನೂ ಇದ್ದಾರಾ?"

ಅವರು ಸ್ವೆಟರ್ ಮಡಚುವುದನ್ನು ನಿಲ್ಲಿಸಿ, ಖತಾ ಹಾಕಿದ ಆ ಫೋಟೋ ಕಡೆ ಬೆರಳು ತೋರಿಸಿದರು.