609ನೇ ನಂಬರಿನ ಮುದಿ ವಿಮಾನ

ಹಳೆಯ ಯುದ್ಧವಿಮಾನಗಳ ಹುಚ್ಚು ನನಗೆ ಚಿಕ್ಕಂದಿನಿಂದಲೂ ಇದೆ. ಎಚ್‌ಎಎಲ್ ವಸ್ತುಸಂಗ್ರಹಾಲಯಕ್ಕೆ ಹೋದರೆ ಮಾರುತ್ ವಿಮಾನದ ಹೊಟ್ಟೆಯಡಿ ಬಗ್ಗಿ ರಿವೆಟ್ಟು ನೋಡುತ್ತಾ ನಿಲ್ಲುವ, ಮನೆಯವರು ಬಂದು ಎಳೆದುಕೊಂಡು ಹೋಗಬೇಕಾದ ಜಾತಿ ನಮ್ಮದು. ಈ ಜಾತಿಗೆ 1969ರ ಜುಲೈ 17 ಹಬ್ಬವಿದ್ದಂತೆ. ಪಿಸ್ಟನ್ ಎಂಜಿನ್ನಿನ ಯುದ್ಧವಿಮಾನಗಳು ಆಕಾಶದಲ್ಲಿ ಪರಸ್ಪರ ಕಾದಾಡಿದ್ದು ಅಂದೇ ಕೊನೆ.

ಹಿಂದಿನ ದಿನವಷ್ಟೇ ಅಪೊಲೊ 11 ಹೊರಟಿತ್ತು. ಮೂವರು ಚಂದ್ರನ ದಾರಿಯಲ್ಲಿದ್ದರು. ಇತ್ತ ಮಧ್ಯ ಅಮೆರಿಕದಲ್ಲಿ ಹೊಂಡುರಾಸ್ ಮತ್ತು ಎಲ್ ಸಾಲ್ವಡಾರ್ ಎಂಬ ಎರಡು ಪುಟ್ಟ ದೇಶಗಳು ಎರಡನೆಯ ಮಹಾಯುದ್ಧದ ಕಾಲದ ಕಾರ್ಸೇರ್, ಮುಸ್ತಾಂಗ್ ಎಂಬ ಪಿಸ್ಟನ್ ವಿಮಾನಗಳಲ್ಲಿ ಬಡಿದಾಡುತ್ತಿದ್ದವು. ಒಂದೇ ಒಂದು ಜೆಟ್ ಯುದ್ಧವಿಮಾನ ಎರಡೂ ಕಡೆ ಇರಲಿಲ್ಲ. ಹೊಂಡುರಾಸ್‌ನ ರಾಜಧಾನಿ ಟೆಗುಸಿಗಾಲ್ಪಾದ ಟೋಂಕೊಂಟಿನ್ ವಿಮಾನ ನಿಲ್ದಾಣದ ಮೇಲೆ ಸಾಲ್ವಡಾರಿನವರು ಯುದ್ಧದ ಮೊದಲ ದಿನ ಬಾಂಬ್ ಹಾಕಿದ್ದು ಸಿ-47 ಸಾಗಣೆ ವಿಮಾನದ ಬಾಗಿಲಿನಿಂದ, ಕೈಯಲ್ಲಿ ನೂಕಿ!

ನಗು ಬರುತ್ತದೆಯೇ? ನಗುವ ಹಕ್ಕು ನಮಗಂತೂ ಇಲ್ಲ. ಕಾನ್ಪುರದಲ್ಲಿ ಗುಜರಿಯೆಂದು ಬಿಟ್ಟುಹೋಗಿದ್ದ, ಅದೇ ಮಹಾಯುದ್ಧದ ಕಾಲದ ಲಿಬರೇಟರ್ ಬಾಂಬರ್‌ಗಳಿಗೆ ಎಚ್‌ಎಎಲ್ ಮತ್ತೆ ಜೀವ ಕೊಟ್ಟಿತ್ತು. ನಮ್ಮ ವಾಯುಪಡೆ ಅವನ್ನು 1968ರವರೆಗೂ ಹಾರಿಸಿತು. ಕಾಸಿಲ್ಲದ ಮನೆಯಲ್ಲಿ ಅಜ್ಜನ ಕೋಟು ಮೊಮ್ಮಗನಿಗೆ ಬರುತ್ತದೆ, ಅಷ್ಟೇ.

ಕಾರ್ಸೇರ್ ಅನ್ನು ಒಮ್ಮೆ ನೋಡಿದರೆ ಮರೆಯುವುದಿಲ್ಲ. ಅದರ ಪ್ರೊಪೆಲರ್ ಅಗಲ ಸುಮಾರು ನಾಲ್ಕು ಮೀಟರ್. ಅದು ನೆಲಕ್ಕೆ ತಾಗದಿರಲೆಂದು ರೆಕ್ಕೆಗಳನ್ನು ಬುಡದಲ್ಲಿ ಕೆಳಕ್ಕೆ ಬಗ್ಗಿಸಿ ಮತ್ತೆ ಮೇಲಕ್ಕೆತ್ತಿದ್ದಾರೆ. ಮೂತಿ ಎಷ್ಟು ಉದ್ದವೆಂದರೆ ನೆಲದ ಮೇಲೆ ಓಡಿಸುವಾಗ ಪೈಲಟ್‌ಗೆ ಎದುರಿನ ದಾರಿಯೇ ಕಾಣದು. ಹಾವಿನಂತೆ ಅಂಕುಡೊಂಕಾಗಿ ಸಾಗುತ್ತಾ ಪಕ್ಕದಿಂದ ಇಣುಕಬೇಕು. ಸಾಲ್ವಡಾರಿನ ಬಳಿ ಇದ್ದ ಕಾರ್ಸೇರ್‌ಗಳನ್ನು ಕಟ್ಟಿದ್ದು ಗುಡ್‌ಇಯರ್, ಅದೇ ಟೈರಿನ ಗುಡ್‌ಇಯರ್. ಅವುಗಳಲ್ಲಿ ಆರು ಮಷಿನ್‌ಗನ್ನುಗಳು. ಹೊಂಡುರಾಸ್‌ನ 609ನೇ ನಂಬರಿನ ಕಾರ್ಸೇರ್ ಯುದ್ಧಾನಂತರದ ಮಾದರಿ, ನಾಲ್ಕು 20 ಮಿ.ಮೀ. ಫಿರಂಗಿಗಳು.

ಅಂದು ಬೆಳಿಗ್ಗೆ ಹೊಂಡುರಾಸ್‌ನ ಒಬ್ಬ ಪೈಲಟ್‌ನ ಬಂದೂಕುಗಳು ಕಚ್ಚಿಕೊಂಡವು. ಹಳೆಯ ಸಾಮಾನಿನ ಬುದ್ಧಿಯೇ ಅದು, ಬೇಕಾದಾಗ ಕೈ ಕೊಡುತ್ತದೆ. ಅವನ ಬೆನ್ನುಹತ್ತಿದ ಸಾಲ್ವಡಾರಿನ ಮುಸ್ತಾಂಗ್‌ಗಳಲ್ಲಿ ಒಂದನ್ನು ಅವನ ಜೊತೆಗಾರ ಕ್ಯಾಪ್ಟನ್ ಫರ್ನಾಂಡೊ ಸೋಟೊ ತನ್ನ 609ರಲ್ಲಿ ಬಂದು ಹೊಡೆದುರುಳಿಸಿದ. ಮಧ್ಯಾಹ್ನ ಮತ್ತೆ ಹೋದಾಗ ಎರಡು ಕಾರ್ಸೇರ್‌ಗಳು ಎದುರಾದವು, ಎರಡನ್ನೂ ಉರುಳಿಸಿದ. ಕಾರ್ಸೇರ್ ಕಾರ್ಸೇರನ್ನು ಕೊಂದ ದಿನ ಎಂದು ನಾವು ಪುಳಕಗೊಳ್ಳುವುದು ಇದಕ್ಕೇ.

ನನ್ನ ಸಿಟ್ಟು ಇರುವುದೂ ಇಲ್ಲಿಯೇ. ಜಗತ್ತು ಇದಕ್ಕೆ ಇಟ್ಟ ಹೆಸರು ‘ಫುಟ್‌ಬಾಲ್ ಯುದ್ಧ’. ಜೂನ್‌ನಲ್ಲಿ ವಿಶ್ವಕಪ್ ಅರ್ಹತೆಗಾಗಿ ಎರಡೂ ದೇಶಗಳು ಮೂರು ಪಂದ್ಯ ಆಡಿದ್ದವು, ಗಲಭೆಯೂ ಆಗಿತ್ತು, ನಿಜ. ಆದರೆ ಜಗಳ ಮಣ್ಣಿನದು. ಕಿಕ್ಕಿರಿದ ಸಾಲ್ವಡಾರಿನಿಂದ ಹೊಟ್ಟೆಪಾಡಿಗೆಂದು ಹೋದ ಸುಮಾರು ಮೂರು ಲಕ್ಷ ಜನ ಹೊಂಡುರಾಸ್‌ನಲ್ಲಿ ಬೇಸಾಯ ಮಾಡಿಕೊಂಡಿದ್ದರು. ಭೂಸುಧಾರಣೆ ಎಂದು ಬಂದಾಗ ಕಳೆದುಕೊಂಡವರು ಇವರು. ದೊಡ್ಡ ಜಮೀನ್ದಾರರು ಆರಾಮವಾಗಿದ್ದರು. ಗೋಲಿನ ಲೆಕ್ಕ ಹೇಳಿದರೆ ಈ ಜಮೀನಿನ ಲೆಕ್ಕ ಯಾರೂ ಕೇಳುವುದಿಲ್ಲ. ನಮ್ಮಂಥ ವಿಮಾನದ ಹುಚ್ಚರು ಮಾಡುವುದೂ ಅದನ್ನೇ, ಗೋಲಿನ ಬದಲು ರೆಕ್ಕೆಯ ಲೆಕ್ಕ ಹೇಳುತ್ತೇವೆ.

ಸೋಟೊನ 609 ಈಗ ಟೆಗುಸಿಗಾಲ್ಪಾದ ವಾಯು ಸಂಗ್ರಹಾಲಯದಲ್ಲಿದೆ. ಅದರ ಫೋಟೊ ಕಂಡರೆ ಇವತ್ತಿಗೂ ದೊಡ್ಡದು ಮಾಡಿ ನೋಡುತ್ತೇನೆ, ಸುಳ್ಳು ಏಕೆ ಹೇಳಲಿ. ಆದರೆ ಆ ದಿನ ಅದರ ಎದುರು ಹಾರಿ ಸತ್ತವರು ಡಗ್ಲಸ್ ವರೇಲಾ ಮತ್ತು ರೆನಾಲ್ಡೊ ಕೊರ್ಟೆಸ್ ಎಂದು ನಾನು ತಿಳಿದುಕೊಂಡದ್ದು, ಆ ಎಂಜಿನ್ನಿಗೆ ಹದಿನೆಂಟು ಸಿಲಿಂಡರ್ ಎಂದು ಬಾಯಿಪಾಠ ಮಾಡಿ ಎಷ್ಟೋ ವರ್ಷಗಳಾದ ಮೇಲೆ.